ಹಿತ್ತಲಿಗೆ ಹಕ್ಕಿ ಬರುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕಾಳಿನ ತಟ್ಟೆ ತೂಗುಹಾಕಿ ತಿಂಗಳಾಯಿತು, ಒಂದು ಗುಬ್ಬಿಯೂ ಇಣುಕಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಕಾಳು ಬದಲಿಸುವುದು. ಅಕ್ಕಿ ಹೋಗಿ ನವಣೆ ಬರುತ್ತದೆ, ನವಣೆ ಹೋಗಿ ಅಂಗಡಿಯ ಪ್ಯಾಕೆಟ್ ಬರುತ್ತದೆ. ದಾವಣಗೆರೆ, ಚಿತ್ರದುರ್ಗದ ಕಡೆ ಇದು ಬಹುತೇಕ ದಂಡ. ಊರ ಸುತ್ತ ಮೆಕ್ಕೆಜೋಳ, ರಾಗಿ, ಸಜ್ಜೆ ಬೆಳೆಯುವ, ಎಪಿಎಂಸಿ ಅಂಗಳದಲ್ಲಿ ಕಾಳು ಚೆಲ್ಲಾಡುವ ಸೀಮೆಯಲ್ಲಿ ಹಕ್ಕಿಗೆ ಕಾಳಿನ ಕೊರತೆ ಅಷ್ಟಿಲ್ಲ. ಕೊರತೆ ಇರುವುದು ನೀರಿಗೆ, ನೆರಳಿಗೆ, ಹುಳಹುಪ್ಪಟೆಗೆ, ಹೆದರಿಕೆಯಿಲ್ಲದೆ ಕೂರುವ ಕೊಂಬೆಗೆ. ಆದ್ದರಿಂದ ತಪಾಸಣೆಯನ್ನು ಜಾಗದಿಂದ ಶುರುಮಾಡಿ. ಆಮೇಲೆ ನೀರು, ಆಮೇಲೆ ಗಿಡಗಳಿಗೆ ನೀವು ಹೊಡೆಯುವ ಕೀಟನಾಶಕ, ಕಟ್ಟಕಡೆಗೆ ಕಾಳು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಹದಿನೈದು ದಿನ ಬಿಡಿ. ಮೂರು ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಮುಂದಿನ ಸಲ ಕೆಟ್ಟಾಗ ಮತ್ತೆ ಕತ್ತಲಲ್ಲೇ ತಡಕಬೇಕು.

ಕೈ ಹಾಕುವ ಮೊದಲು ಅರ್ಧ ಗಂಟೆ ಕೂತು ನೋಡಿ

ಬೆಳಗ್ಗೆ ಹೊತ್ತು ಹುಟ್ಟಿದ ಮೇಲೆ ಎಂಟೂವರೆ ತನಕ, ಸಂಜೆ ನಾಲ್ಕೂವರೆಯಿಂದ ಆರರ ತನಕ ಹಕ್ಕಿಗಳ ಓಡಾಟ ಹೆಚ್ಚು. ತಟ್ಟೆಯಿಂದ ಇಪ್ಪತ್ತು ಇಪ್ಪತ್ತೈದು ಅಡಿ ದೂರದಲ್ಲಿ, ಕಿಟಕಿಯ ಒಳಗಿಂದಾದರೆ ಇನ್ನೂ ಒಳ್ಳೆಯದು, ಅಲುಗಾಡದೆ ಕೂತು ನೋಡಿ. ಕಾಣುವುದು ಮೂರರಲ್ಲೊಂದು. ಬೀದಿಯಲ್ಲೇ ಹಕ್ಕಿ ಇಲ್ಲ. ಇಲ್ಲವೇ ಕರೆಂಟು ತಂತಿ, ಕಾಂಪೌಂಡ್ ತನಕ ಬಂದು ಕತ್ತು ವಾಲಿಸಿ ನೋಡಿ ಹಾರಿಹೋಗುತ್ತವೆ. ಅದೂ ಅಲ್ಲದಿದ್ದರೆ ತಟ್ಟೆಗೆ ಇಳಿದು, ಎರಡು ಕುಕ್ಕು ಕುಕ್ಕಿ, ಬೆಚ್ಚಿ ಏಳುತ್ತವೆ.

ಬೀದಿಯಲ್ಲೇ ಇಲ್ಲದಿದ್ದರೆ ತಟ್ಟೆಯಿಂದ ಆಗುವುದು ಕಡಿಮೆ. ಗಿಡ, ನೀರು ಎರಡರಿಂದಲೇ ಶುರುಮಾಡಬೇಕು, ಫಲಕ್ಕೆ ಒಂದು ಮಳೆಗಾಲವಾದರೂ ಕಾಯಬೇಕು. ತಂತಿ ತನಕ ಬಂದು ತಿರುಗಿದರೆ ದೋಷ ಜಾಗದ್ದು. ಇಳಿದು ಬೆಚ್ಚಿದರೆ ಒಂದೋ ತಟ್ಟೆ ಅಲ್ಲಾಡುತ್ತಿದೆ, ಇಲ್ಲವೇ ಹತ್ತಿರದಲ್ಲೇ ಬೆಕ್ಕಿನ ಠಿಕಾಣಿ ಇದೆ.

ತಂತಿ ತನಕ ಬರುತ್ತವೆ, ಕೆಳಗೆ ಇಳಿಯುವುದಿಲ್ಲ

ಬಯಲಿನ ನಡುವೆ ಇಟ್ಟ ತಟ್ಟೆಗೆ ಸಣ್ಣ ಹಕ್ಕಿ ಇಳಿಯದು. ಮೇಲೆ ಬಿಜ್ಜು (ಸಣ್ಣ ಗಿಡುಗ) ಬಂದರೆ ಓಡಿ ಅಡಗಲು ಪೊದೆ ಬೇಕು. ಹಾಗೆಂದು ಪೊದೆಗೆ ಅಂಟಿಸಿ ಇಟ್ಟರೆ ಅದೇ ಪೊದೆ ಬೆಕ್ಕಿಗೆ ಹೊಂಚುವ ಜಾಗ. ದಾಸವಾಳ, ಕರಿಬೇವು, ಮೆಹಂದಿ ಬೇಲಿ ಯಾವುದಾದರೂ ಸರಿ, ಅದರಿಂದ 6ರಿಂದ 10 ಅಡಿ ದೂರ ಇರಲಿ. ಹಕ್ಕಿಗೆ ಒಂದೇ ರೆಕ್ಕೆಬಡಿತದಲ್ಲಿ ಸೇರಬಹುದಾದ, ಬೆಕ್ಕಿಗೆ ಒಂದೇ ನೆಗೆತದಲ್ಲಿ ಮುಟ್ಟಲಾಗದ ದೂರ ಅದು. ಎತ್ತರ 5 ಅಡಿ ಸಾಕು. ಕಂಬದ ಮೇಲಿಟ್ಟಿದ್ದರೆ ನೆಲದಿಂದ ಎರಡು ಅಡಿ ಮೇಲೆ, 4 ಇಂಚಿನ ಪಿವಿಸಿ ಪೈಪಿನ ಎರಡೂವರೆ ಅಡಿ ತುಂಡನ್ನು ತೊಡಿಸಿ. ಬೆಕ್ಕು, ಅಳಿಲು, ಇಲಿ ಮೂವರಿಗೂ ಅದರ ಮೇಲೆ ಉಗುರು ನಿಲ್ಲದು.

ಹೊಸ ಬಡಾವಣೆಗಳ ಮನೆಗಳಲ್ಲಿ ಪೊದೆಯೇ ಇರುವುದಿಲ್ಲ. ಅಂಗಳಕ್ಕೆಲ್ಲ ಟೈಲ್ಸ್, ಒಂದು ಮೂಲೆಯಲ್ಲಿ ಅಶೋಕದ ಸಾಲು. ಅಲ್ಲಿ ತಾತ್ಕಾಲಿಕ ಉಪಾಯ ಒಂದಿದೆ: ಒಣಗಿದ ಜಾಲಿ ಅಥವಾ ಬೋರೆಯ ಕವಲು ಕೊಂಬೆಯೊಂದನ್ನು ಹಳೇ ಬಣ್ಣದ ಡಬ್ಬಿಯಲ್ಲಿ ಜಲ್ಲಿ ತುಂಬಿ ನಿಲ್ಲಿಸಿ. ನೋಡಲು ಚೆಂದವಿಲ್ಲ, ಆದರೆ ಪಿಕಳಾರ, ಕಾಜಾಣ ಮೊದಲು ಕೂರುವುದೇ ಅಂಥ ಬೋಳು ಕೊಂಬೆಯ ಮೇಲೆ.

ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಗಿರಣಿಗಳ ಸಾಲು ಸುಮ್ಮನೆ ನೆಟ್ಟದ್ದಲ್ಲ. ಜೂನ್‌ನಿಂದ ಆಗಸ್ಟ್ ತನಕ ಪಶ್ಚಿಮದ ಗಾಳಿಗೆ ದಾರದಲ್ಲಿ ನೇತುಹಾಕಿದ ತಟ್ಟೆ ಗಿರಗಿರ ತಿರುಗುತ್ತದೆ, ಯಾವ ಹಕ್ಕಿಯೂ ಕಾಲೂರದು. ತಟ್ಟೆಯ ತಳದಿಂದ ಇನ್ನೊಂದು ದಾರ ಇಳಿಬಿಟ್ಟು ಅರ್ಧ ಇಟ್ಟಿಗೆ ಕಟ್ಟಿ. ಅಥವಾ ಮನೆಯ ಪೂರ್ವದ ಗೋಡೆಯ ಮರೆಗೆ ವರ್ಗಾಯಿಸಿ.

ತಟ್ಟೆ ತುಂಬಿದೆ, ಯಾರೂ ತಿಂದಿಲ್ಲ

ಮೊದಲು ತಟ್ಟೆಯನ್ನು ಒಂದು ಸಲ ಊದಿ. ಅರ್ಧಕ್ಕರ್ಧ ಸಲ ಅದರಲ್ಲಿರುವುದು ಬರೀ ಹೊಟ್ಟು. ಗುಬ್ಬಿ, ರಾಟವಾಳಗಳು (ಮುನಿಯಾ) ಕಾಳನ್ನು ಕೊಕ್ಕಿನ ಅಂಚಿನಲ್ಲಿ ಹೊರಳಿಸಿ ಸಿಪ್ಪೆ ಸುಲಿದು ಅಲ್ಲೇ ಉದುರಿಸುತ್ತವೆ. ದೂರದಿಂದ ನೋಡಿದರೆ ತಟ್ಟೆ ಹಾಗೇ ತುಂಬಿದಂತೆ ಕಾಣುತ್ತದೆ. ನವಣೆಯ ಸಿಪ್ಪೆ ಎರಡು ಪುಟ್ಟ ದೋಣಿಗಳಂತೆ ಬಿಡಿಬಿಡಿಯಾಗಿ ಬಿದ್ದಿದ್ದರೆ ನಿಮ್ಮಲ್ಲಿಗೆ ಹಕ್ಕಿ ಬಂದಿದೆ, ನೀವು ನೋಡಿಲ್ಲ ಅಷ್ಟೆ.

ತಟ್ಟೆ ಬಿಟ್ಟುಹೋದವರ ಗುರುತು ಹೇಳುತ್ತದೆ. ಸಿಪ್ಪೆಯೇ ಇಲ್ಲದೆ ಕಾಳು ಮಾಯವಾಗಿದ್ದರೆ ಪಾರಿವಾಳ, ಬೆಳವ. ಅವು ಇಡಿಯಾಗಿ ನುಂಗುತ್ತವೆ. ಮೆಕ್ಕೆಜೋಳದ ಮೊಳಕೆಯ ಭಾಗ ಮಾತ್ರ ಕೆರೆದು ಉಳಿದದ್ದನ್ನು ಎಸೆದಿದ್ದರೆ ಇಲಿ ಅಥವಾ ಅಳಿಲು. ಬೆಳಗಾಗುವಷ್ಟರಲ್ಲಿ ಖಾಲಿಯಾಗಿ, ಪಕ್ಕದಲ್ಲಿ ಕಡಲೆಬೇಳೆಗಿಂತ ಉದ್ದನೆಯ ಕಪ್ಪು ಹಿಕ್ಕೆ ಇದ್ದರೆ ಇಲಿಯೇ. ರಾತ್ರಿ ಯಾವ ತಟ್ಟೆಯೂ ಹೊರಗಿರಬಾರದು.

ನಿಜಕ್ಕೂ ಮುಟ್ಟದೆ ಉಳಿದ ಕಾಳಿದ್ದರೆ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ತಿಪ್ಪೆಗೂ ಹಾಕದೆ ಹೂತುಬಿಡಿ. ಅದರಲ್ಲೂ ಹಸಿರು ಬೂಷ್ಟು ಹಿಡಿದ ಶೇಂಗಾ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಹಕ್ಕಿಯ ಯಕೃತ್ತನ್ನೇ ಕೆಡಿಸುತ್ತದೆ. ಚಳ್ಳಕೆರೆ ಕಡೆಯಿಂದ ಅಗ್ಗಕ್ಕೆ ಸಿಗುವ ಜಳ್ಳು ಶೇಂಗಾ ಹಕ್ಕಿಗಾದರೂ ಆಗಲಿ ಎಂದು ತರುವವರು ಇದನ್ನು ನೆನಪಿಡಿ.

ಹಾಕಬೇಕಾದದ್ದು: ನವಣೆ, ಸಜ್ಜೆ, ಅಕ್ಕಿ ನುಚ್ಚು, ಒಡೆದ ಬಿಳಿಜೋಳ. ಬೆಳಗ್ಗೆ ಎರಡು ಹಿಡಿ, ಅಂದರೆ ಸುಮಾರು 50ರಿಂದ 60 ಗ್ರಾಂ. ಹನ್ನೊಂದರೊಳಗೆ ಖಾಲಿಯಾಗದಿದ್ದರೆ ನಾಳೆ ಒಂದೇ ಹಿಡಿ. ಅನ್ನ ಬೇಡ, ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದೊಳಗೆ ಹುಳಿಯುತ್ತದೆ. ಬ್ರೆಡ್, ಖಾರ, ಕರಿದದ್ದು ಬೇಡ. ದಾವಣಗೆರೆಯಲ್ಲಿ ಕೈಗೆ ಮೊದಲು ಸಿಗುವುದು ಮಂಡಕ್ಕಿ. ಬರೀ ಮಂಡಕ್ಕಿಯಲ್ಲೇನು ಎಂದು ಕೇಳಬಹುದು. ಒಗ್ಗರಣೆ ಬೀಳದಿದ್ದರೂ ಅದರಲ್ಲಿ ಉಪ್ಪಿದೆ, ಹುರಿಯುವ ಮೊದಲೇ ಅಕ್ಕಿಗೆ ಉಪ್ಪು ಬೆರೆಸಿರುತ್ತಾರೆ. ಹೊಟ್ಟೆ ತುಂಬುತ್ತದೆ, ಸತ್ವವಿಲ್ಲ.

ಇನ್ನೊಂದು ಮಾತನ್ನು ದಪ್ಪಕ್ಷರದಲ್ಲೇ ಓದಿಕೊಳ್ಳಿ: ಬಿತ್ತಿ ಉಳಿದ ಹೈಬ್ರಿಡ್ ಮೆಕ್ಕೆಜೋಳದ ಬೀಜ ಹಕ್ಕಿಗೆ ಹಾಕಬೇಡಿ. ಗುಲಾಬಿ, ಕೆಂಪು, ಕೆಲವೊಮ್ಮೆ ಹಸಿರು ಬಣ್ಣ ಬಳಿದ ಆ ಬೀಜಕ್ಕೆ ಶಿಲೀಂಧ್ರನಾಶಕ, ಕೀಟನಾಶಕ ಲೇಪಿಸಿರುತ್ತಾರೆ. ತೊಳೆದರೂ ಪೂರ್ತಿ ಹೋಗದು. ಜೂನ್, ಜುಲೈನಲ್ಲಿ ತಟ್ಟೆಯ ಕೆಳಗೆ ಬೆಳವ ಸತ್ತು ಬಿದ್ದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಕಾಳು ಎಲ್ಲಿಂದ ಬಂತು?

ಪಾರಿವಾಳ ಬಂದವು, ಉಳಿದವು ಹೋದವು

ಚಪ್ಪಟೆ ತಟ್ಟೆ, ಹಿಡಿಗಟ್ಟಲೆ ಕಾಳು, ತಾರಸಿಯ ಕಟ್ಟೆ ಸೇರಿದರೆ ಪಾರಿವಾಳಕ್ಕೆ ಬಾಡಿಗೆ ಇಲ್ಲದ ಮನೆ ಕೊಟ್ಟಂತೆ. ಓಡಿಸಿ ಪ್ರಯೋಜನವಿಲ್ಲ, ತಟ್ಟೆಯ ಆಕಾರ ಬದಲಿಸಿ. ನಮ್ಮ ಹಿರಿಯರು ಮಾಡುತ್ತಿದ್ದುದೇ ಇಲ್ಲಿ ಸರಿಯಾದ ಮದ್ದು: ಬಿಳಿಜೋಳದ ಅಥವಾ ಸಜ್ಜೆಯ ಐದಾರು ತೆನೆಗಳನ್ನು ಕಾವಿನ ಸಮೇತ ಗೊಂಚಲು ಕಟ್ಟಿ ಪಡಸಾಲೆಯ ಜಂತೆಗೆ ತೂಗುಹಾಕುವುದು. ಗುಬ್ಬಿ ಬಂದು ತೆನೆಗೆ ಅಡ್ಡಡ್ಡ ಅಂಟಿಕೊಳ್ಳುತ್ತದೆ, ತಲೆಕೆಳಗಾಗಿ ಜೋತು ಒಂದೊಂದೇ ಕಾಳು ಕಿತ್ತು ಬಿಡಿಸುತ್ತದೆ. ಪಾರಿವಾಳ ಎರಡು ಸಲ ರೆಕ್ಕೆ ಬಡಿದು ಹಿಡಿಯಲು ನೋಡಿ, ಕಾಲಿಗೆ ಆಸರೆ ಸಿಗದೆ ಕೆಳಗಿಳಿದು, ಉದುರಿದ್ದನ್ನಷ್ಟೇ ಹೆಕ್ಕುತ್ತದೆ. ತೆನೆ ಸಿಗದಿದ್ದರೆ ತಟ್ಟೆಗೆ ಒಂದೂವರೆ ಇಂಚು ಕಣ್ಣಿನ ವೆಲ್ಡ್ ಮೆಶ್ ಬುಟ್ಟಿ ಮುಚ್ಚಿ. ತಂತಿಯ ಕತ್ತರಿಸಿದ ತುದಿಗಳನ್ನು ಹೊರಕ್ಕೆ ಮಡಚಿ ಅರ ಹಾಕಿ, ಇಲ್ಲದಿದ್ದರೆ ಗುಬ್ಬಿಯ ಕಾಲು ಸೀಳುತ್ತದೆ.

ಚಿತ್ರದುರ್ಗದಲ್ಲಿ ಕೋಟೆ ಬೆಟ್ಟದ ಆಸುಪಾಸಿನ ಮನೆಗಳಿಗೆ ಬೇರೆಯೇ ತೊಂದರೆ. ಕೋತಿ ಒಮ್ಮೆ ತಟ್ಟೆ ಕಂಡರೆ ಮುಗಿಯಿತು. ಅಲ್ಲಿ ಬಾಳೆಹಣ್ಣು, ಪಪ್ಪಾಯಿ ಹೋಳು ಇಡುವ ಮಾತೇ ಬೇಡ. ಕಾಳಿನ ಆಸೆಯನ್ನೂ ಬಿಟ್ಟು ಬರೀ ನೀರು, ಗಿಡ ಇಟ್ಟುಕೊಳ್ಳಿ.

ನೀರಿಟ್ಟಿದ್ದೇವೆ, ಕುಡಿಯುವುದಿಲ್ಲ

ಬಕೆಟ್, ಸ್ಟೀಲ್ ಬೇಸಿನ್, ಐಸ್‌ಕ್ರೀಂ ಡಬ್ಬಿ: ಮೂರೂ ತಪ್ಪು. ಬಕೆಟ್ಟಿನ ಆಳದಲ್ಲಿ ಗುಬ್ಬಿ ಮುಳುಗಿ ಸಾಯುತ್ತದೆ, ಸ್ಟೀಲಿನ ಅಂಚಿನಲ್ಲಿ ಕಾಲು ಜಾರುತ್ತದೆ, ಪ್ಲಾಸ್ಟಿಕ್ ಡಬ್ಬಿಯ ನೀರು ಮಧ್ಯಾಹ್ನ ಎರಡಕ್ಕೆ ಸ್ನಾನದ ನೀರಿನಷ್ಟು ಬಿಸಿ. ಬೇಕಾದದ್ದು ಕುಂಬಾರರ ಅಗಲ ಮಣ್ಣಿನ ತಟ್ಟೆ, ಒಂದು ಒಂದೂಕಾಲು ಅಡಿ ಅಗಲ, ಒಳಮೈ ಒರಟು. ಅಂಚಿನಲ್ಲಿ ಅರ್ಧ ಇಂಚು, ನಡುವೆ ಹೆಚ್ಚೆಂದರೆ ಎರಡು ಇಂಚು ನೀರು. ಮಧ್ಯದಲ್ಲಿ ನೀರಿನಿಂದ ಮೇಲೆ ತಲೆಯೆತ್ತುವ ಒಂದು ಚಪ್ಪಟೆ ಕಲ್ಲು. ಹಕ್ಕಿ ಮೊದಲು ಇಳಿಯುವುದು ಆ ಕಲ್ಲಿಗೆ, ಅಲ್ಲಿಂದ ನೀರಿಗೆ ಒಂದೊಂದೇ ಹೆಜ್ಜೆ. ಹೊಸ ತಟ್ಟೆಯನ್ನು ಒಂದು ದಿನ ನೆನೆಸಿಡಿ, ಇಲ್ಲವಾದರೆ ಅದೇ ಅರ್ಧ ನೀರು ಹೀರುತ್ತದೆ.

ತಟ್ಟೆ ಸರಿಯಿದ್ದೂ ಹಕ್ಕಿ ಬಾರದಿದ್ದರೆ ನೀರು ಅವಕ್ಕೆ ಕಂಡಿಲ್ಲ ಎಂದರ್ಥ. ತೊಟ್ಟಿಕ್ಕುವ ಹನಿಯ ಸದ್ದಿನಷ್ಟು ಬೇಗ ಹಕ್ಕಿಯನ್ನು ಕರೆಯುವುದು ಬೇರೊಂದಿಲ್ಲ. ಮೆಡಿಕಲ್ ಅಂಗಡಿಯಿಂದ ಹೊಸ ಡ್ರಿಪ್ ಸೆಟ್ ತನ್ನಿ (ಬಳಸಿದ್ದು ಬೇಡವೇ ಬೇಡ). ಒಂದು ಲೀಟರಿನ ಬಾಟಲಿಯ ಮುಚ್ಚಳಕ್ಕೆ ಅದರ ದಪ್ಪ ಪ್ಲಾಸ್ಟಿಕ್ ಮೊನೆ ಚುಚ್ಚಿ, ತಳದಲ್ಲಿ ಗಾಳಿಗೊಂದು ಸಣ್ಣ ತೂತು ಮಾಡಿ, ತಟ್ಟೆಯ ಮೇಲೆ ಎರಡಡಿ ಎತ್ತರಕ್ಕೆ ತಲೆಕೆಳಗೆ ಕಟ್ಟಿ. ಪೈಪಿನ ಮೇಲಿರುವ ಪುಟ್ಟ ಗಾಲಿ ತಿರುಗಿಸಿ ನಿಮಿಷಕ್ಕೆ 20 ಹನಿಗೆ ನಿಲ್ಲಿಸಿ. ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ 1 ಮಿ.ಲೀ.; ಗಂಟೆಗೆ 60, ಬೆಳಗಿನಿಂದ ಸಂಜೆ ತನಕ 12 ಗಂಟೆಗೆ 720 ಮಿ.ಲೀ. ಒಂದು ಬಾಟಲಿ ದಿನಕ್ಕೆ ಸಾಕು. ಹನಿ ನಿಂತರೆ ಕಾರಣ ಬಹುತೇಕ ಬೋರ್ ನೀರಿನ ಬಿಳಿ ಕಟ್ಟು. ವಾರಕ್ಕೊಮ್ಮೆ ಪೈಪನ್ನು ಹುಣಸೆಹುಳಿ ನೀರಿನಲ್ಲಿ ನೆನೆಸಿ ತೊಳೆಯಿರಿ.

ಸೊಳ್ಳೆಯಾಗುತ್ತದೆ ಎಂಬ ದೂರಿಗೆ ಉತ್ತರ ಸುಲಭ. ಮೊಟ್ಟೆ ಸೊಳ್ಳೆಯಾಗಲು ವಾರವಾದರೂ ಬೇಕು. ಎರಡು ದಿನಕ್ಕೊಮ್ಮೆ ಚೆಲ್ಲಿ, ತೆಂಗಿನ ನಾರಿನಲ್ಲಿ ಉಜ್ಜಿ, ಬೇರೆ ನೀರು ತುಂಬಿದರೆ ಸೊಳ್ಳೆಯೂ ಇಲ್ಲ, ಪಾಚಿಯೂ ಇಲ್ಲ. ಸೋಪಿನ ಪುಡಿ ಬೇಡ.

ನೀರಿನ ಪಕ್ಕದಲ್ಲೇ ಮಣ್ಣಿನ ಸ್ನಾನಕ್ಕೂ ಜಾಗ ಕೊಡಿ, ಗುಬ್ಬಿಗಳಿಗೆ ಅದು ನೀರಿನಷ್ಟೇ ಮುಖ್ಯ. ದಾವಣಗೆರೆ ಕಡೆಯ ಎರೆಮಣ್ಣಿನಲ್ಲಿ ಇದು ತಾನಾಗಿ ಆಗುವುದಿಲ್ಲ. ಒಣಗಿದರೆ ಹೆಂಟೆ, ನೆನೆದರೆ ಅಂಟು. ಎರಡಡಿ ಅಗಲ, ಮೂರು ಇಂಚು ಆಳ ತೆಗೆದು, ಜರಡಿ ಹಿಡಿದ ಕೆಮ್ಮಣ್ಣು ಮತ್ತು ಸಣ್ಣ ಮರಳನ್ನು ಸಮಸಮ ಬೆರೆಸಿ ತುಂಬಿ. ಮಳೆ ಬೀಳದ ಸಜ್ಜಾದ ಕೆಳಗಾದರೆ ವರ್ಷವಿಡೀ ಉಳಿಯುತ್ತದೆ.

ಗೂಡಿನ ಪೆಟ್ಟಿಗೆ ಖಾಲಿ

2010ರಿಂದ ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನವಾಗಿ ಆಚರಿಸುತ್ತಾರೆ. ಆ ವಾರ ಎಲ್ಲೆಡೆ ರಟ್ಟಿನ, ಪ್ಲೈವುಡ್ಡಿನ ಪೆಟ್ಟಿಗೆ ಹಂಚಿಕೆ ನಡೆಯುತ್ತದೆ. ಅವುಗಳಲ್ಲಿ ಬಹಳಷ್ಟು ಖಾಲಿ ಉಳಿಯಲು ಕಾರಣ ಗುಬ್ಬಿಯ ಮುನಿಸಲ್ಲ, ಪೆಟ್ಟಿಗೆಯ ಅಳತೆ.

ತೂತಿನಿಂದ ಶುರುಮಾಡಿ. ಗುಬ್ಬಿಗೆ ಒಂದೂಕಾಲು ಇಂಚು, ಅಂದರೆ 32 ಮಿ.ಮೀ. ಎರಡು ಇಂಚಾದರೆ ಗೊರವಂಕ ನುಗ್ಗಿ ಒಳಗಿರುವುದನ್ನು ಎತ್ತಿ ಎಸೆಯುತ್ತದೆ. ತೂತು ದೊಡ್ಡದಾಗಿದ್ದರೆ ಪೆಟ್ಟಿಗೆ ಬಿಸಾಡಬೇಡಿ, ಸರಿಯಾದ ತೂತಿನ ಒಂದು ತಗಡಿನ ಬಿಲ್ಲೆಯನ್ನು ಮೇಲೆ ಮೊಳೆ ಹೊಡೆದು ಕೂರಿಸಿ. ತೂತಿನ ಕೆಳಗೆ ಕಡ್ಡಿ ಇದ್ದರೆ ಕಿತ್ತುಹಾಕಿ. ಗುಬ್ಬಿಗೆ ಅದು ಬೇಡ, ಕಾಗೆಗೆ ಕೂತು ಮರಿ ಎಳೆಯಲು ಬೇಕು.

ಒಳಗಿನ ತಳ 6 ಇಂಚು ಚೌಕ, ತಳದಿಂದ ತೂತಿನ ಎತ್ತರ 6 ಇಂಚು. ಅಂಗೈಯಷ್ಟೇ ಆಳವಿದ್ದರೆ ಬೆಕ್ಕಿನ ಕೈ ಮರಿಗೆ ಮುಟ್ಟುತ್ತದೆ. ಹಲಗೆ ಮುಕ್ಕಾಲು ಇಂಚು ದಪ್ಪ. ತೆಳು ಪ್ಲೈವುಡ್, ತಗಡು ಮೇ ತಿಂಗಳಲ್ಲಿ ಒಲೆಯಾಗುತ್ತವೆ. ಮಾಡಿನ ಕೆಳಗೆ ಎರಡೂ ಬದಿ ಎರಡೆರಡು ಗಾಳಿತೂತು, ತಳದ ನಾಲ್ಕು ಮೂಲೆಗೂ ನೀರು ಇಳಿಯಲು ಒಂದೊಂದು, ಎಲ್ಲವೂ 6 ಮಿ.ಮೀ. ಒಳಗೆ ಬಣ್ಣ, ವಾರ್ನಿಷ್ ಬೇಡ. ಬದಲಿಗೆ ತೂತಿನ ಕೆಳಗಿನ ಒಳಮೈಯನ್ನು ಗರಗಸದಿಂದ ಅಡ್ಡಡ್ಡ ಗೀರಿ, ಮರಿಗೆ ಹತ್ತಲು ಮೆಟ್ಟಿಲಾಗುತ್ತದೆ.

ದಾರದಲ್ಲಿ ತೂಗಾಡುವ ಪೆಟ್ಟಿಗೆಗೆ ಗುಬ್ಬಿ ಸಂಸಾರ ಹೂಡದು. ಗೋಡೆಗೆ ಎರಡು ಸ್ಕ್ರೂ ಹಾಕಿ ಬಿಗಿಯಿರಿ. ನೆಲದಿಂದ 8ರಿಂದ 12 ಅಡಿ, ಸಜ್ಜಾದ ಕೆಳಗೆ, ಬಾಯಿ ಪೂರ್ವಕ್ಕೋ ಉತ್ತರಕ್ಕೋ. ಪಶ್ಚಿಮಕ್ಕೆ ಮಾಡಿದರೆ ಸಂಜೆಬಿಸಿಲೂ ಮುಂಗಾರಿನ ಎರಚಲೂ ಎರಡೂ ಒಳಗೇ. ಒಂಟಿ ಪೆಟ್ಟಿಗೆಗಿಂತ ಮೂರ್ನಾಲ್ಕು ಇರಲಿ, ನಡುವೆ ಮೂರಡಿ ಬಿಡಿ. ಗುಬ್ಬಿಗಳು ವಠಾರದಲ್ಲಿ ಬಾಳುವ ಜಾತಿ. ಹಳೇ ಮಾಳಿಗೆ ಮನೆಗಳ ತೊಲೆ, ಜಂತೆಗಳ ಸಂದಿನಲ್ಲಿ ಹತ್ತಾರು ಜೋಡಿ ಇರುತ್ತಿದ್ದುದು ಹಾಗೆಯೇ. ನವೆಂಬರ್, ಡಿಸೆಂಬರ್‌ನಲ್ಲೇ ಹಾಕಿಬಿಡಿ. ಮಾರ್ಚ್ 20ರ ಹೊತ್ತಿಗೆ ಎಷ್ಟೋ ಜೋಡಿಗಳು ಬೇರೆ ಕಡೆ ಜಾಗ ಹಿಡಿದಾಗಿರುತ್ತದೆ.

ಹುಲ್ಲು ತಂದು ಗೂಡು ಕಟ್ಟಿವೆ, ಮೊಟ್ಟೆಯೂ ಒಡೆದಿದೆ, ಮರಿ ಮಾತ್ರ ಸತ್ತಿವೆ ಎನ್ನುವುದು ಇದಕ್ಕಿಂತ ಕಷ್ಟದ ದೂರು. ಕಾವು 11ರಿಂದ 14 ದಿನ, ಆಮೇಲೆ ಮರಿ ಹಾರಲು ಮತ್ತೆ ಎರಡು ವಾರ. ಆ ಎರಡು ವಾರದ ಮೊದಲ ದಿನಗಳಲ್ಲಿ ಮರಿಗೆ ಕಾಳು ಜೀರ್ಣವಾಗದು, ಹುಳವೇ ಬೇಕು. ಹಿತ್ತಲಿನ ಬದನೆ, ಗುಲಾಬಿಗೆ ವಾರಕ್ಕೊಮ್ಮೆ ಕೀಟನಾಶಕ ಹೊಡೆಯುವ ಮನೆಯಲ್ಲಿ ತಾಯಿಗೆ ಹುಳು ಸಿಗದು, ಸಿಕ್ಕರೂ ಅದು ವಿಷದ ಹುಳು. ಔಷಧಿ ಬಿಡಿ. ಅವರೆ ಬಳ್ಳಿಗೆ ಹೇನು ಹತ್ತಲಿ, ನುಗ್ಗೆಗೆ ಕಂಬಳಿಹುಳು ಬರಲಿ. ಇರುವೆ ಕಾಟಕ್ಕೆಂದು ಪೆಟ್ಟಿಗೆಗೆ ಕೀಟನಾಶಕ ಪುಡಿ ಉದುರಿಸುವವರಿದ್ದಾರೆ. ಅದು ಮರಿಯನ್ನೂ ಕೊಲ್ಲುತ್ತದೆ. ಗೋಡೆ ಮತ್ತು ಪೆಟ್ಟಿಗೆಯ ನಡುವಿನ ಕ್ಲಾಂಪಿಗಷ್ಟೇ, ಹಕ್ಕಿಯ ರೆಕ್ಕೆ ತಾಗದ ಕಡೆ, ತೆಳ್ಳಗೆ ಗ್ರೀಸ್ ಹಚ್ಚಿ.

ಫ್ಯಾನಿನ ಬಟ್ಟಲಲ್ಲಿ ಗೂಡು ಕಟ್ಟಲು ಹೊರಟರೆ ಮೊದಲ ಹುಲ್ಲುಕಡ್ಡಿ ಬಂದ ದಿನವೇ ಬಟ್ಟಲನ್ನು ಬಟ್ಟೆ ಸುತ್ತಿ ಮುಚ್ಚಿ. ಮೊಟ್ಟೆ ಇಟ್ಟ ಮೇಲೆ ತೆಗೆಯುವಂತಿಲ್ಲ. ಕಾಡುಹಕ್ಕಿಯ ಗೂಡು, ಮೊಟ್ಟೆ ಕೆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತಿನಲ್ಲಿ ಬೇಟೆಯೇ.

ಹೂವಿದೆ, ಸೂರಕ್ಕಿ ಇಲ್ಲ

ಸೂರಕ್ಕಿ ಎಂದರೆ ಮಕರಂದ ಹೀರುವ ಪುಟ್ಟ ಹಕ್ಕಿ, ಆದ್ದರಿಂದ ಹೂವು ಯಾವುದು ನೋಡಿ. ಮುದ್ದೆ ದಾಸವಾಳದ ಎಸಳುಗಳ ಗಂಟಿನಲ್ಲಿ ಮಕರಂದಕ್ಕೆ ಕೊಕ್ಕು ಇಳಿಯುವುದು ಕಷ್ಟ. ಐದೆಸಳಿನ ಕೆಂಪು ದಾಸವಾಳ, ಅರಳದೆ ಮೊಗ್ಗಿನಂತೆಯೇ ಉಳಿಯುವ ದಾಸವಾಳ, ಕಿತ್ತಳೆ ಕೊಳವೆ ಹೂವಿನ ಹಮೇಲಿಯಾ, ದಾಳಿಂಬೆ, ಕೇಪಳ ನೆಡಿ. ಹಮೇಲಿಯಾ ಒಂದೇ ಇದ್ದರೂ ಸಾಕು, ನೀರು ಕಂಡರೆ ವರ್ಷದ ಬಹುಪಾಲು ಹೂ ಬಿಡುತ್ತದೆ, ಕಾಯಿಗೆ ಪಿಕಳಾರ ಬರುತ್ತದೆ. ಸಕ್ಕರೆ ನೀರಿನ ಬಾಟಲಿ ಬೇಡ. ಈ ಬಿಸಿಲಿಗೆ ಒಂದೇ ದಿನಕ್ಕೆ ಹುಳಿಯುತ್ತದೆ.

ಜೇಡರ ಬಲೆ ಗುಡಿಸುವ ಉಮೇದು ಮನೆಯೊಳಗೆ ಇರಲಿ. ಸೂರಕ್ಕಿ ಗೂಡು ಹೆಣೆಯುವುದೇ ಆ ನೂಲಿನಿಂದ, ಮರಿಗೆ ತಿನ್ನಿಸುವುದೂ ಜೇಡವನ್ನೇ.

ಹಣ್ಣಿನ ಹಕ್ಕಿಗಳಿಗೆ ಗಸಗಸೆ ಹಣ್ಣಿನ ಮರ ಎಲ್ಲಕ್ಕಿಂತ ಬೇಗ. ಒಂದೆರಡು ವರ್ಷದಲ್ಲೇ ಹಣ್ಣು, ಚಿಟ್ಟುಕುಟ್ರ, ಬದನಿಕೆ ಹಕ್ಕಿ ತಾವಾಗಿ ಬರುತ್ತವೆ. ಜಾಗ ಕಡಿಮೆಯಿದ್ದರೆ ಹಿಪ್ಪುನೇರಳೆಯನ್ನು ಕಡಿಯದೆ ಗಿಡವಾಗಿ ಬಿಡಿ. ಬೇಲಿಗೆ ಕವಳೆ. ಲಂಟಾನ ಮಾತ್ರ ಹೊಸದಾಗಿ ನೆಡಬೇಡಿ, ಜೋಗಿಮಟ್ಟಿ ಕಡೆಯ ಗುಡ್ಡಗಳಲ್ಲಿ ಅದು ಸಾಕಷ್ಟಾಗಿದೆ.

ಗಾಜಿಗೆ ಬಡಿಯುತ್ತವೆ

ಕಿಟಕಿಯಲ್ಲಿ ಆಕಾಶದ ಬಿಂಬ ಕಂಡು ಹಾರಿ ಬಡಿಯುವುದು ಒಂದು, ಕಾರಿನ ಕನ್ನಡಿಯಲ್ಲಿ ತನ್ನ ಬಿಂಬವನ್ನೇ ಎದುರಾಳಿ ಎಂದು ಕುಕ್ಕುವುದು ಇನ್ನೊಂದು. ಮೊದಲನೆಯದಕ್ಕೆ ಗಾಜಿನ ಹೊರಮೈಗೆ ಎರಡೆರಡು ಇಂಚಿಗೊಂದು ಚುಕ್ಕಿ ಅಥವಾ ಗೆರೆ. ಸುಣ್ಣದಲ್ಲಿ ಇಟ್ಟರೂ ನಡೆಯುತ್ತದೆ. ಮೂಲೆಗೊಂದು ಸ್ಟಿಕ್ಕರ್ ಅಂಟಿಸಿ ಫಲವಿಲ್ಲ. ತಟ್ಟೆಯನ್ನು ಕಿಟಕಿಗೆ ಮೂರಡಿಯೊಳಗೆ ತನ್ನಿ ಅಥವಾ ಮೂವತ್ತಡಿ ಆಚೆಗೆ ಒಯ್ಯಿರಿ. ನಡುವಿನ ದೂರದಲ್ಲೇ ಹಕ್ಕಿ ವೇಗ ಹಿಡಿದು ಸಾಯುವುದು. ಎರಡನೆಯದಕ್ಕೆ ಕನ್ನಡಿಗೆ ಹಳೇ ಕಾಲುಚೀಲ ತೊಡಿಸಿದರೆ ಮುಗಿಯಿತು.

ಗರಿ ಉಬ್ಬಿಸಿಕೊಂಡು ಕೂತ ಹಕ್ಕಿ

ಹಗಲಿನಲ್ಲಿ ಗರಿ ಕೆದರಿ, ಕಣ್ಣು ಅರೆಮುಚ್ಚಿ, ಹತ್ತಿರ ಹೋದರೂ ಹಾರದ ಹಕ್ಕಿ ಕಂಡರೆ ಅಂದೇ ತಟ್ಟೆ, ನೀರು ಎರಡನ್ನೂ ತೆಗೆದು ಎರಡು ವಾರ ನಿಲ್ಲಿಸಿ. ಒಂದೇ ತಟ್ಟೆಯ ಹಿಕ್ಕೆ, ಎಂಜಲಿನಿಂದ ರೋಗ ಹರಡುತ್ತದೆ. ಒಂಬತ್ತು ಪಾಲು ನೀರಿಗೆ ಒಂದು ಪಾಲು ದ್ರವ ಬ್ಲೀಚ್ ಬೆರೆಸಿ ಹತ್ತು ನಿಮಿಷ ಮುಳುಗಿಸಿ, ಮೂರು ಸಲ ತೊಳೆದು, ಬಿಸಿಲಲ್ಲಿ ಒಣಗಿಸಿ. ಮಣ್ಣಿನ ತಟ್ಟೆಯಾದರೆ ಅದನ್ನು ಒಡೆದು ಹೊಸದು ತನ್ನಿ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಎಲ್ಲ ಸರಿಯಿದ್ದು ಹಠಾತ್ತನೆ ನಿಂತುಹೋದರೆ

ತಿಂಗಳು ನೋಡಿ. ಅಕ್ಟೋಬರ್ ಕೊನೆಯಿಂದ ಮೆಕ್ಕೆಜೋಳ, ರಾಗಿ ಕಟಾವು, ಆಮೇಲೆ ಕಣ, ಒಕ್ಕಣೆ. ಆಗ ಗುಬ್ಬಿ, ರಾಟವಾಳ, ಬೆಳವಗಳೆಲ್ಲ ಹೊಲದ ದಾರಿ ಹಿಡಿಯುತ್ತವೆ. ಉತ್ತರದಿಂದ ಬಂದ ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ಬಿಳಿಜೋಳದ ಹೊಲಕ್ಕೆ ಇಳಿಯುವುದೂ ಈ ಚಳಿಗಾಲದಲ್ಲೇ. ಇದು ದೋಷವಲ್ಲ, ತಟ್ಟೆ ಅಲ್ಲಿಲ್ಲಿ ಸ್ಥಳಾಂತರಿಸಿ ಕೆಡಿಸಬೇಡಿ. ಕಾಳನ್ನು ಅರ್ಧ ಹಿಡಿಗೆ ಇಳಿಸಿ, ನೀರನ್ನು ದಿನವೂ ಅದೇ ಹೊತ್ತಿಗೆ ಇಡಿ. ಫೆಬ್ರವರಿ ಕೊನೆಗೆ ಹೊಲ ಬರಿದಾಗಿ ಹಳ್ಳ ಬತ್ತಿದಾಗ ಅವು ಮೊದಲು ಬರುವುದು ನೀರಿಗೆ. ಕಾಳನ್ನು ಆ ವಾರದಿಂದ ಮತ್ತೆ ಎರಡು ಹಿಡಿಗೆ ಏರಿಸಿ.